ಒಂದು ಕಂಬಿಯನ್ನೂ ಬಿಡದ ಭೀಮಪ್ಪ

ಬೀದರ್ ಕಡೆಯ ಭೀಮಪ್ಪ ಮಹದೇವಪುರದ ಅಪಾರ್ಟ್‌ಮೆಂಟ್ ಸೈಟುಗಳಲ್ಲಿ ಕಂಬಿ ಕಟ್ಟುವವನು. ಭಾನುವಾರ ಸಂಜೆ ಅವನ ಶೀಟಿನ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಬೈಬಲ್ ಓದುತ್ತಿದ್ದೆವು. ಅಕ್ಷರದ ಮೇಲೆ ಬೆರಳಿಟ್ಟು ಓದುವ ಅವನೇ ಪಾಠ ಹೇಳುವವನು. ಅದೇ ಸೈಟಿನಲ್ಲಿ ಸ್ಟೋರ್ ಗುಮಾಸ್ತನಾಗಿದ್ದ ನಾನು ಬಿ.ಕಾಂ, ನನಗೆ ಕೊಟ್ಟಿದ್ದ ಜವಾಬ್ದಾರಿ ಚಾಪೆ ಹಾಸುವುದು.

೨೦೧೧ರಲ್ಲಿ ಸೈಟಿನ ಕಾಂಪೌಂಡ್ ಗೋಡೆ ಕುಸಿದು ನಮ್ಮ ಗುಂಪಿನ ಸಿದ್ರಾಮ ಸತ್ತ. ಭಾನುವಾರ ಪ್ರಾರ್ಥನೆ ಬಿಟ್ಟು ಕುಡಿಯಲು ಹೋಗುತ್ತಿದ್ದ, ಅದಕ್ಕೇ ದೇವರು ಹೊಡೆದ ಎಂದು ಟೀ ಅಂಗಡಿಯಲ್ಲಿ ಮಾತಾಯಿತು. ನಾನೂ ತಲೆಯಾಡಿಸಿದೆ, ಟೀ ಬೇರೆಯವರು ಕೊಡಿಸಿದ್ದರು. ಮಾತು ಅವನ ಹೆಂಡತಿ ರುಕ್ಮವ್ವನ ಕಿವಿಗೂ ಬಿತ್ತು. ಸೋಮವಾರ ಊರಿಗೆ ಹೊರಟಿದ್ದವಳು, ಅದಕ್ಕೂ ಮುಂಚೆ ಪುಸ್ತಕ ಏನನ್ನುತ್ತದೆ ಎಂದು ಕೇಳಲು ಬರುತ್ತೇನೆಂದಳು.

ನಾವು ಲೂಕನ ಸುವಾರ್ತೆಯನ್ನು ಸಾಲಾಗಿ ಓದುತ್ತಿದ್ದೆವು. ಆ ವಾರಕ್ಕೆ ಬಂದದ್ದು ಬುರುಜು ಬಿದ್ದು ಹದಿನೆಂಟು ಜನ ಸತ್ತ ಭಾಗ.

"ಅಣ್ಣಾ, ಇದು ಬೇಡ. 'ದೇವರೇ ನನ್ನ ಕುರುಬ' ಅನ್ನೋ ಕೀರ್ತನೆ ಓದಿಬಿಡಿ, ಸಮಾಧಾನ ಆಗುತ್ತೆ," ಎಂದೆ ಭೀಮಪ್ಪನಿಗೆ.

"ಸಾಲಿನಾಗ ಬಂದದ ತಮ್ಮಾ."

"ಹಾಗಿದ್ರೆ ಸತ್ತವರು ಹೆಚ್ಚಿನ ಪಾಪಿಗಳಲ್ಲ ಅಂತ ಯೇಸು ಹೇಳೋವರೆಗೆ ಓದಿ ನಿಲ್ಸಿ. ಮುಂದಿನದು ಹೆದರಿಸುತ್ತೆ."

"ಡ್ರಾಯಿಂಗ್‌ನಾಗ ಇರೋ ಕಂಬಿ ಬಿಟ್ರ ಕಾಂಕ್ರೀಟ್ ಮುಚ್ತದ. ನಿನ್ನಂಥ ಬಿ.ಕಾಂಗೂ ಕಾಣಂಗಿಲ್ಲ. ಸ್ಲ್ಯಾಬಿಗೆ ಗೊತ್ತಾಗ್ತದ."

ಭಾನುವಾರ ರುಕ್ಮವ್ವ ಬಾಗಿಲ ಹತ್ತಿರವೇ ಕೂತಳು. ಭೀಮಪ್ಪ ಆ ಭಾಗವನ್ನು ಮೂರು ಸಲ ಓದಿದ.

"ಯಣ್ಣಾ, ಪಾಪ ಮಾಡಿದ್ದಕ್ಕೇ ಸತ್ರಂತೇನು?" ಎಂದಳು.

"ಅಲ್ಲ ಅಂತ ಬರ್ದದವ್ವಾ. ಬುರುಜಿನ ಕೆಳಗ ಸಿಕ್ಕವ್ರು ಉಳದವ್ರಿಗಿಂತ ಕೆಟ್ಟವ್ರಲ್ಲ. ಸಿದ್ರಾಮನೂ ನನಗಿಂತ ಕೆಟ್ಟವನಲ್ಲ."

ಅಲ್ಲಿಗೆ ನಿಲ್ಲಿಸಲಿಲ್ಲ. ಬೆರಳು ಮುಂದಿನ ಸಾಲಿಗೆ ಇಳಿಯಿತು.

"ದೇವರ ಕಡೆ ತಿರುಗದಿದ್ರ ನೀವೂ ಹಂಗೇ ಹಾಳಾಗ್ತೀರಿ ಅಂತದ. ಇದು ಸತ್ತವ್ರಿಗಿ ಹೇಳಿದ್ದಲ್ಲ, ಸತ್ತವ್ರ ಪಾಪ ತೂಗಕೋತ ನಿಂತವ್ರಿಗಿ. ಟೀ ಅಂಗಡ್ಯಾಗ ನಾನೂ ನಿಂತಿದ್ದೆ. ಬಾಯಿ ಬಿಡ್ಲಿಲ್ಲ."

ನಾನು ಚಾಪೆಯ ಕಡ್ಡಿ ಕೀಳುತ್ತ ಕೂತೆ. ಹಾಸಿದವನೂ ನಾನೇ.

ಹೊರಡುವಾಗ ರುಕ್ಮವ್ವ ಸಿದ್ರಾಮನ ಬೈಬಲ್ಲನ್ನು ನನ್ನ ಮುಂದೆ ಹಿಡಿದಳು. ಅವಳಿಗೆ ಓದು ಬರುವುದಿಲ್ಲ.

"ಇವತ್ತ ಓದಿದ್ದಕ್ಕ ಗೀಟು ಹಾಕಿಕೊಡು ತಮ್ಮಾ. ಊರಾಗ ಯಾರ ಕಡಿಂದಾದ್ರೂ ಓದಸ್ತೀನಿ."

'ಅಲ್ಲ' ಎಂಬಲ್ಲಿಯವರೆಗೆ ಗೀಟೆಳೆದು ಪೆನ್ನು ಎತ್ತಿದೆ. ಅವಳು ಪೆನ್ನನ್ನೇ ನೋಡುತ್ತಿದ್ದಳು.

"ಮುಂದಿನದಕ್ಕೂ ಹಾಕು," ಎಂದಳು. "ಊರಾಗೂ ಪಾಪ ತೂಗೋ ಮಂದಿ ಅದಾರ."