ಐನೂರು ರೂಪಾಯಿಯ ಕೊಸರು

ಗೆಳೆಯರೇ, ನನ್ನ ಕ್ರೆಡಿಟ್ ಕಾರ್ಡಿನ ಕಥೆ ಇವತ್ತು ಹುಕ್ಕೇರಿ ಸಂತೆಯಲ್ಲಿ ಮುಗಿಯಿತು.

ಬದನೆಕಾಯಿ ಆರಿಸುತ್ತಿದ್ದಾಗ ಕಾರ್ಡಿನ ಕಂಪನಿಯ ಹುಡುಗಿ ಫೋನ್ ಮಾಡಿದಳು. "ಸರ್, ಈ ತಿಂಗಳು ಇನ್ನೂ ಎಂಟು ಸಾವಿರ ಖರ್ಚು ಮಾಡಿದ್ರೆ ವರ್ಷದ ಶುಲ್ಕ ಐನೂರು ಮಾಫಿ. ಗಿಫ್ಟ್ ಪಾಯಿಂಟ್ಸೂ ಸಿಗುತ್ತೆ."

ವರ್ಷವಿಡೀ ನಾನು ಆ ಕಾರ್ಡನ್ನು ಉಜ್ಜಿದ್ದು ಎರಡೇ ಸಲ, ಅದೂ ಬೆಳಗಾವಿಯಲ್ಲಿ. ಸಿಕ್ಕಿದ್ದು ಅರವತ್ತೆರಡು ಪಾಯಿಂಟು. ಅವರು ಗಿಫ್ಟಾಗಿ ಕೊಡುವ ಗೋಡೆ ಗಡಿಯಾರಕ್ಕೇ ಸಾವಿರ ಪಾಯಿಂಟು ಬೇಕು. ಆದರೂ, ಬೇಡದ ಮಿಕ್ಸರ್ ಒಂದನ್ನು ಕೊಂಡುಬಿಡಲೇ ಎಂದು ಯೋಚಿಸತೊಡಗಿದ್ದೆ!

"ಯಾರದ ಫೋನ್ರಿ ಮಾಸ್ತರ?" ಎಂದು ಕಾಯಿಪಲ್ಲೆ ಮಾರುವ ಕಾಶವ್ವ ಕೇಳಿದಳು. ಖರೀದಿ ಮಾಡಿದರೆ ಇವರು ಮೇಲೊಂದಿಷ್ಟು ಕೊಡುತ್ತಾರೆ, ಅದಕ್ಕೆ ವರ್ಷಕ್ಕೆ ಐನೂರು ಕಟ್ಟಬೇಕು ಎಂದೆ.

"ಅಂದ್ರ ಕೊಸರು!" ಎನ್ನುತ್ತ ಅವಳು ಎಂದಿನಂತೆ ನನ್ನ ಚೀಲಕ್ಕೆ ಒಂದು ಹಿಡಿ ಕೊತ್ತಂಬರಿ, ನಾಲ್ಕು ಮೆಣಸಿನಕಾಯಿ ಹಾಕಿದಳು. "ಕೊಸರು ಕೊಡಾಕ ಮೊದಲ ರೊಕ್ಕ ಕಟ್ರಿ ಅಂದ್ರ ನನ್ನ ಕಡೆ ಒಬ್ಬರರೆ ಬರ್ತಾರೇನ್ರಿ?"

ಅವಳ ದನಿ ಇಡೀ ಸಂತೆಗೆ ಕೇಳಿಸುವಂಥದ್ದು. ಫೋನ್ ಇನ್ನೂ ನನ್ನ ಕಿವಿಯಲ್ಲೇ ಇತ್ತು. ಅಲ್ಲಿಯತನಕ ಬೆಂಗಳೂರಿನ ಕನ್ನಡ ಆಡುತ್ತಿದ್ದ ಹುಡುಗಿ ಮೆಲ್ಲಗೆ ಅಂದಳು: "ಆ ಆಯಿ ಹೇಳೂದು ಖರೆ ಐತ್ರಿ ಸರ್. ನಮ್ಮೂರೂ ಬೆಳಗಾವಿ ಕಡೀದ, ಅಂಕಲಗಿರಿ. ಕಾರ್ಡ್ ಬಂದ್ ಮಾಡ್ಲೇನ್ರಿ?"

"ಮಾಡವಾ, ಪುಣ್ಯಾ ಬರತೈತಿ!" ಎಂದೆ. ವರ್ಷದ ತಲೆನೋವು ಅಲ್ಲೇ ಇಳಿಯಿತು.

ಈ ವಾರ ಕಾಶವ್ವ ಕೊಟ್ಟ ಕೊಸರು: ಒಂದು ಹಿಡಿ ಕೊತ್ತಂಬರಿ, ನಾಲ್ಕು ಮೆಣಸಿನಕಾಯಿ, ಮತ್ತು ನನ್ನವೇ ಐನೂರು ರೂಪಾಯಿ.