ಸೆರಗು ಮುಚ್ಚಿದ ವಿಡಿಯೊ

ಹೊಟ್ಟೆಯೊಳಗಿಂದ ಏನೋ ಮೇಲಕ್ಕೇರಿದಂತಾಗುತ್ತದೆ. ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಆಮೇಲಿನದು ನನಗೆ ಗೊತ್ತಿಲ್ಲ. ಎಚ್ಚರಾದಾಗ ಕೈಯಲ್ಲಿ, ಗಾಳಿ ಸೋಕಿದೆಯೆಂದು ಹಿಡಿಸಿದ ಕಬ್ಬಿಣದ ಕೀಲಿ ಇರುತ್ತದೆ, ಪಕ್ಕದಲ್ಲಿ ಅವ್ವ ಇರುತ್ತಾಳೆ. ಏನಾಯಿತೆಂದು ಅವಳು ಹೇಳುವುದಿಲ್ಲ, ನಾನು ಕೇಳುವುದಿಲ್ಲ.

ನಾನು ಬೀಳುವುದಿಲ್ಲ, ಒದ್ದಾಡುವುದಿಲ್ಲ. ಹಾಗಾಗಿ ಅದು ಫಿಟ್ಸ್ ಎಂದು ಯಾರಿಗೂ ಅನಿಸಿರಲಿಲ್ಲ. ನಿಶ್ಶಕ್ತಿಗೆಂದು ಟಾನಿಕ್ ಕುಡಿದೆ. ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತ ಒಮ್ಮೆ ಹಾಗಾದ ಮೇಲೆ, ಕಾರಣ ತಿಳಿಯುವವರೆಗೆ ಮನೆಯಲ್ಲಿರಿ ಎಂದರು. ಅಲ್ಲಿನ ನನ್ನ ಬಾಡಿಗೆ ಕೋಣೆಗೆ ಬೀಗ ಹಾಕಿ ಅವ್ವನಿರುವ ಗೊರೇಬಾಳಕ್ಕೆ ಬಂದೆ. ಆ ಬೀಗ ಮತ್ತೆ ತೆಗೆಯುತ್ತೇನೋ ಇಲ್ಲವೋ ಎಂಬುದೊಂದೇ ಯೋಚನೆ.

ಸಿಂಧನೂರಿನ ನರರೋಗ ವೈದ್ಯರು ತಲೆಗೆ ತಂತಿ ಅಂಟಿಸಿ ಇಇಜಿ ಮಾಡಿಸಿದರು. ಅದರಲ್ಲಿ ಏನೂ ಕಾಣಲಿಲ್ಲ.

"ಇದ್ರಾಗ ಕಾಣಲಿಲ್ಲ ಅಂದ್ರ ಫಿಟ್ಸ್ ಇಲ್ಲ ಅಂತ ಅಲ್ಲ," ಎಂದು ಅವರು ಅವ್ವನ ಕಡೆ ತಿರುಗಿದರು. "ನೀವು ಏನ್ ನೋಡೀರಿ, ಹೇಳ್ರಿ."

"ನಾ ಏನೂ ನೋಡಿಲ್ರೀ. ಮಾರಿ ಮ್ಯಾಲ ಸೆರಗು ಹಾಕಿ ಆಕಡಿ ಹೊಳ್ಳಿ ಕುಂದರತೀನಿ. ಹೆಣ್ಣುಮಗಳನ್ನ ಹಂಗ ನೋಡಬಾರದಲ್ರೀ."

ವೈದ್ಯರು, ಮುಂದಿನ ಸಲ ಹಾಗಾದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ ತನ್ನಿ ಎಂದರು.

ಮಾಡಿದವಳು ಅಣ್ಣನ ಹೆಂಡತಿ. ಅದನ್ನು ನಾನು ಮೊದಲು ನೋಡಿದ್ದು ವೈದ್ಯರ ಮೇಜಿನ ಮೇಲೆ. ಪರದೆಯ ತುಂಬ ಅವ್ವನ ಹಸಿರು ಸೆರಗು, ಹಿಂದಿನಿಂದ ಅತ್ತಿಗೆಯ ದನಿ.

"ಅತ್ತೀ, ಸೆರಗು ತಗೀರಿ. ಡಾಕ್ಟ್ರು ಹೇಳ್ಯಾರ."

"ನಿಮ್ಮ ಡಾಕ್ಟ್ರಿಗೆ ಹೇಳು, ನನ್ನ ಮಗಳು ನಾಟಕದಾಕಿ ಅಲ್ಲಂತ."

ಸೆರಗಿನ ಕೆಳಗಿಂದ ಒಂದು ಕೈ ಹೊರಬಂದು ಅಂಚನ್ನು ಚಿವುಟತೊಡಗಿತು. ನನ್ನದೇ ಕೈ. ಒಳಗಿಂದ ತುಟಿ ಚಪ್ಪರಿಸುವ ಸದ್ದು. ಆಗ ಅವ್ವನ ದನಿ ಬದಲಾಯಿತು. ಕೂಸಿನೊಂದಿಗೆ ಮಾತಾಡುವ ದನಿ: "ಏನ್ ತಿನ್ನಾಕತ್ತೀಯವ್ವಾ? ನನಗೂ ಒಂದೀಟು ಕೊಡು."

ನನ್ನೊಂದಿಗೆ ಅವಳು ಹಾಗೆ ಮಾತಾಡಿದ ನೆನಪು ನನಗಿಲ್ಲ.

ವೈದ್ಯರು ಆ ಸದ್ದನ್ನು, ಆ ಕೈಯನ್ನು ಮತ್ತೆ ನೋಡಿದರು. ಮೆದುಳಿನ ಒಂದು ಭಾಗದಲ್ಲಿ ಶುರುವಾಗಿ ಎಚ್ಚರ ತಪ್ಪಿಸುವ ಫಿಟ್ಸ್ ಇದು, ಆ ವಾಸನೆಯೂ ಅದರದೇ ಆರಂಭ ಎಂದರು. ಒಂದು ದಿನವೂ ಗುಳಿಗೆ ತಪ್ಪಿಸಬಾರದು, ನಿದ್ದೆ ಕೆಡಿಸಬಾರದು. ಅವ್ವನಿಗೆ ಬೇರೆಯಾಗಿ ಹೇಳಿದರು: "ಮಾರಿ ಮುಚ್ಚಬ್ಯಾಡ್ರಿ, ಕಬ್ಬಿಣ ಬ್ಯಾಡ. ಬಾಜೂಕ ಕೂತು ನೋಡ್ರಿ. ಐದು ನಿಮಿಷ ಆದ್ರೂ ನಿಲ್ಲಲಿಲ್ಲ ಅಂದ್ರ ದವಾಖಾನಿಗೆ ತರ್ರಿ."

ಅವ್ವ ತಲೆಯಾಡಿಸಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗುಳಿಗೆ ಹಿಡಿಯಿತು. ಕೋಣೆಯ ಬೀಗ ತೆಗೆದು ಈಗ ಬಹಳ ತಿಂಗಳಾದವು. ಆ ವಾಸನೆ ಮತ್ತೆ ಬಂದಿಲ್ಲ. ಸಂಜೆ ಅವ್ವ ಫೋನು ಮಾಡುತ್ತಾಳೆ.

"ಗುಳಿಗಿ ತಗೊಂಡಿ?"

"ಹೂಂ."

"ಏನ್ ತಿಂದಿ?"

ರೊಟ್ಟಿ, ಪುಂಡಿಪಲ್ಯ ಎನ್ನುತ್ತೇನೆ. ತನಗೂ ಒಂದೀಟು ಬೇಕೆಂದಾಳೇನೋ ಎಂದು ಸ್ವಲ್ಪ ಕಾಯುತ್ತೇನೆ.

"ಚಲೋ ಆತು. ಇಡ್ತೀನಿ," ಎನ್ನುತ್ತಾಳೆ.