ಬಿಯರ್ ಕಾಲಂನಲ್ಲಿ ರಮ್ಮು

ನೀವು ಇದನ್ನ ನಂಬಿದ್ರೆ ನನ್ನ ಮೀಸೆ ಬೋಳಿಸ್ತೀನಿ. ಒಂದು ಹನಿ ಹೆಂಡ ಕುಡಿಯದ ನಾನು, ರಾಂಪುರದ ವೈನ್ ಶಾಪಿನ ಸರಕನ್ನು ಆಂಧ್ರಕ್ಕೆ ಮಾರೋ ಪರ್ಮಿಟ್ಟು ತಂದಿದ್ದೀನಿ! ನಮ್ಮ ಹಟ್ಟಿಯಲ್ಲಿ ಹೆಂಡ, ಕೋಳಿ ಎರಡೂ ಹೊಸ್ತಿಲು ದಾಟೋ ಹಾಗಿಲ್ಲ, ದೇವರ ಕಟ್ಟು.

ಈ ಪರ್ಮಿಟ್ಟಿಗೆ ಅಂತ ನನಗಿಂತ ಮೊದಲು ಹೋದ ಅಂಗಡಿಯ ಇಬ್ಬರು ಹುಡುಗರೂ ಬರಿಗೈಲಿ ಬಂದಿದ್ರು. "ನೀನೂ ಹಂಗೇ ಬಂದ್ರೆ ನಾಳೆಯಿಂದ ಅಂಗಡಿಗೆ ಬರಬೇಡ" ಅಂದ್ರು ಸಾವ್ಕಾರ್ರು. ಎದೆ ತಟ್ಟಿಕೊಂಡು ಚಳ್ಳಕೆರೆ ಬಸ್ಸು ಹತ್ತಿದೆ. ಅರ್ಜಿ ಬಸ್ಸಲ್ಲೇ ತುಂಬಿದೆ.

ಅಬಕಾರಿ ಕಚೇರಿಯ ವಯಸ್ಸಾದ ಗುಮಾಸ್ತರು ಅರ್ಜಿ ನೋಡಿ ಕನ್ನಡಕ ತೆಗೆದರು.

"ಲೇ, ರಮ್ಮನ್ನ ಬಿಯರ್ ಕಾಲಂನಲ್ಲಿ ಬರೆದೀಯಲ್ಲೋ! ವೈನ್ ಶಾಪಿನೋನೇನಾ ನೀನು?"

"ನನ್ನಷ್ಟು ತಿಳಿದೋನು ಈ ತಾಲ್ಲೂಕಲ್ಲೇ ಇಲ್ಲ ಬಿಡ್ರಿ."

"ಹಂಗಾದ್ರೆ ಹೇಳು, ಯಾವುದಕ್ಕೆ ನೊರೆ ಬರ್ತೈತೆ?"

"ಚೆನ್ನಾಗಿ ಕುಲುಕಿದ್ರೆ ಎರಡಕ್ಕೂ ಬರ್ತೈತ್ರಿ."

ಅವರು ಮೇಜು ಹಿಡಿದು ನಕ್ಕರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಯಾವ ಹಟ್ಟಿಯೋನಪ್ಪ?" ಹೇಳಿದೆ. "ನಮ್ಮದೂ ಅದೇ ಕಟ್ಟು. ಮೂವತ್ತು ವರ್ಷದಿಂದ ಸೀಲು ಒತ್ತುತಿದ್ದೀನಿ, ಹೆಂಡದ ವಾಸನೆ ನೋಡಿಲ್ಲ. ನಿಮ್ಮವ್ವಂಗೆ ಏನು ಕೆಲಸ ಅಂತ ಹೇಳೀಯ?"

ಅಲ್ಲಿಗೆ ನನ್ನ ಜಂಬ ಇಳಿಯಿತು. "ಸೋಡಾ ಅಂಗಡಿ ಅಂದೀನ್ರಿ."

"ನಾನು ತಾಲ್ಲೂಕು ಆಫೀಸು ಅಂದಿದ್ದೆ."

ಹೊಸ ಅರ್ಜಿ ತೆಗೆದು, ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದೇ ಕಾಲಂ ತುಂಬಿಸಿದರು. ಸಾಹೇಬರ ಸಹಿಗೂ ತಾವೇ ಎದ್ದು ಹೋದರು. ಬಂದ ಮೇಲೆ ಬುತ್ತಿ ಬಿಚ್ಚಿದರು.

ಕೊನೆಗೆ ನನಗೆ ಸಿಕ್ಕಿದ್ದು ಸೀಲು ಬಿದ್ದ ಪರ್ಮಿಟ್ಟು ಮತ್ತು ಒಂದು ಲೋಟ ಮಜ್ಜಿಗೆ.